ಕ್ರಿಸ್ಮಸ್ ರಾತ್ರಿ ಒಳಗೆ ಏನೂ ಅನ್ನಿಸುವುದಿಲ್ಲವೇ? ದೇವರ ಮಹಿಮೆ ಕಾಣಲು ಹೃದಯ ಸಿದ್ಧ ಮಾಡುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಜನವರಿ ಮೊದಲ ವಾರ ಬಂತೆಂದರೆ ನನಗೆ ಒಂದೇ ಮಾತು ಕೇಳಿಬರುತ್ತದೆ. "ನಕ್ಷತ್ರ ಕಟ್ಟಿದೆವು, ಗೋದಲಿ ಮಾಡಿದೆವು, ಡಬ್ಬಿ ಡಬ್ಬಿ ಕುಸ್ವಾರ್ ತಿಂಡಿ ಮಾಡಿದೆವು, ರಾತ್ರಿ ಪೂಜೆಗೂ ಹೋದೆವು. ಒಳಗೆ ಮಾತ್ರ ಏನೂ ಆಗ್ಲಿಲ್ಲ ಟೀಚರ್." ಹೀಗೆ ಹೇಳುವವರಲ್ಲಿ ದೇವರ ಮೇಲೆ ಪ್ರೀತಿ ಇಲ್ಲದವರು ಯಾರೂ ಇಲ್ಲ. ಕೆಲವರಿಗೆ ಹೇಳುವಾಗಲೇ ಕಣ್ಣು ತುಂಬುತ್ತದೆ. ಮಂಗಳೂರಿನ ಒಂದು ಇಗರ್ಜಿಯಲ್ಲಿ (ಚರ್ಚಿನಲ್ಲಿ) ನಾನು ಭಾನುವಾರ ಮಕ್ಕಳಿಗೆ ಕ್ರೈಸ್ತ ಶಿಕ್ಷಣ ಕಲಿಸುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರ ಹತ್ತಿರ ಇದನ್ನೇ ಮತ್ತೆ ಮತ್ತೆ ಮಾತಾಡಿ, ಒಮ್ಮೆ ಕ್ರಮವಾಗಿ ಬರೆದಿಡೋಣ ಅನ್ನಿಸಿತು.

ಹೆಚ್ಚಿನವರಿಗೆ ತಪ್ಪುವುದು ಕ್ರಮದಲ್ಲಿ. ಮೊದಲು ಬಟ್ಟೆ, ಆಮೇಲೆ ಕುಸ್ವಾರ್, ಆಮೇಲೆ ಲೈಟು, 23ಕ್ಕೆ ಓಡಿಹೋಗಿ ಗುರುಗಳ ಹತ್ತಿರ ಪಾಪನಿವೇದನೆ. ಮನಸ್ಸಿನ ನೆನಪಾಗುವುದು 24ರ ರಾತ್ರಿ ಬೆಂಚಿನಲ್ಲಿ ಕೂತ ಮೇಲೆ. ಅಷ್ಟು ಹೊತ್ತಿಗೆ ಮೈಯೂ ದಣಿದಿರುತ್ತದೆ, ಮನಸ್ಸೂ ದಣಿದಿರುತ್ತದೆ.

ಶುರು ಮಾಡುವ ಮೊದಲು: ಏನನ್ನು ಕಾಯುತ್ತಿದ್ದೀರಿ?

ಲೂಕನ ಸುವಾರ್ತೆಯ 2ನೇ ಅಧ್ಯಾಯ ನಿಧಾನವಾಗಿ ಓದಿ. ಕುರುಬರ ಸುತ್ತ ದೇವರ ಮಹಿಮೆ ಹೊಳೆದದ್ದು ಹೊಲದಲ್ಲಿ. ಅದನ್ನು ಕಂಡು ಅವರಿಗೆ ಮೊದಲು ಆದದ್ದು ಹೆದರಿಕೆ. ದೂತ ಅವರಿಗೆ ಒಂದು ಗುರುತು ಕೊಟ್ಟ: ಬಟ್ಟೆಯಲ್ಲಿ ಸುತ್ತಿದ ಮಗು, ಗೋದಲಿಯಲ್ಲಿ ಮಲಗಿರುತ್ತದೆ. ಅವರು ಹೋಗಿ ನೋಡಿದರು. ಗೋದಲಿಯ ಹತ್ತಿರ ಬೆಳಕು ಇತ್ತು ಅಂತ ಲೂಕ ಎಲ್ಲೂ ಬರೆದಿಲ್ಲ. ಹೊಳಪೆಲ್ಲ ಹೊಲದಲ್ಲೇ ಉಳಿಯಿತು. ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಅಲ್ಲಿ ಇದ್ದದ್ದು ಒಂದು ಬಡ ಕೂಸು. ಆದರೂ ಅವರು ಗುರುತು ಹಿಡಿದರು.

ನಾವು ನಾಲ್ಕು ವಾರ ಮಾಡಬೇಕಾದ ತಯಾರಿ ಇದಕ್ಕೇ. ಹೊಳಪಿಲ್ಲದ ಕಡೆ ದೇವರನ್ನು ಗುರುತು ಹಿಡಿಯುವಷ್ಟು ಕಣ್ಣು ತಿಳಿಯಾಗಬೇಕು. ಹಳೆ ಒಡಂಬಡಿಕೆಯಲ್ಲಿ ಮಹಿಮೆಗೆ ಇರುವ ಹೀಬ್ರೂ ಪದ 'ಕಾವೋದ್'. ಅದರ ಮೂಲದಲ್ಲಿ ಇರುವ ಅರ್ಥ ಭಾರ, ತೂಕ. ರೋಮಾಂಚನ ಆಗಲಿ ಅಂತ ಕಾದು ಕೂತವರಿಗೆ ಪ್ರತಿ ವರ್ಷ ನಿರಾಸೆ ಆಗುವುದು ಯಾಕೆ ಅಂತ ಈ ಒಂದು ಪದದಿಂದಲೇ ನನಗೆ ಅರ್ಥವಾಯಿತು.

ಬೇಕಾಗುವ ಸಾಮಾನು

ಒಂದು ಬೈಬಲ್, ಅಚ್ಚಾದದ್ದು. ಮೊಬೈಲಿನದ್ದು ಬೇಡ. ಒಂದು ನೋಟ್ ಪುಸ್ತಕ, ಪೆನ್ನು. ನಾಲ್ಕು ಮೇಣದ ಬತ್ತಿ. ಇಗರ್ಜಿಯಲ್ಲಿ ಇಡುವ ಹಾಗೆ ಮೂರು ನೇರಳೆ, ಒಂದು ಗುಲಾಬಿ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಬಿಳಿಯದ್ದೇ ಸಾಕು. ಬೆಳಿಗ್ಗೆ ಏಳಲು ಒಂದು ಅಲಾರಾಂ ಗಡಿಯಾರ. ಎರಡು ತೆಂಗಿನ ಗೆರಟೆ, ಒಂದು ಹಿಡಿ ಭತ್ತ. ಗೆರಟೆ ಯಾಕೆ ಅಂತ 5ನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಆಗಮನ ಕಾಲದ ಮೊದಲ ಭಾನುವಾರ, ಹದಿನೈದು ನಿಮಿಷ ಸುಮ್ಮನಿರಿ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರದ ಈ ಆಗಮನ ಕಾಲ ಶುರುವಾಗುವುದು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ. 2026ರಲ್ಲಿ ಅದು ನವೆಂಬರ್ 29. ಆ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮರುದಿನದಿಂದ ಬೆಳಿಗ್ಗೆ ಹದಿನೈದು ನಿಮಿಷ ಬೇಗ ಏಳಿ. ನಮ್ಮ ಕರಾವಳಿಯಲ್ಲಿ ಬೆವರು ಸ್ವಲ್ಪ ಕಡಿಮೆಯಾಗಿ, ಬೆಳಗಿನ ಜಾವ ಹಿತವಾಗಿರುವ ದಿನಗಳು ಇವು. ಜಗಲಿಯಲ್ಲಿ ಕುಳಿತುಕೊಳ್ಳಿ. ಮೊದಲ ವಾರ ಏನೂ ಓದಬೇಡಿ, ಜಪಸರ ಕೂಡ ಹಿಡಿಯಬೇಡಿ. "ಬಾ ಕರ್ತನೇ" ಅಂತ ಒಂದು ಮಾತು ಹೇಳಿ ಸುಮ್ಮನಿರಿ.

ಮೊದಲ ಮೂರು ದಿನ ತಲೆಯೊಳಗೆ ಸಂತೆ. ಗ್ಯಾಸ್ ಬುಕ್ಕಿಂಗ್, ಮಗನ ಫೀಸು, ಆಫೀಸಿನಲ್ಲಿ ಯಾರೋ ಆಡಿದ ಮಾತು, ಎಲ್ಲ ಬರುತ್ತದೆ. ಬರಲಿ. ಯಾವುದು ದಿನಾ ಬರುತ್ತದೋ ಅದನ್ನು ನೋಟ್ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ಈ ಪಟ್ಟಿ 3ನೇ ಹಂತಕ್ಕೆ ಬೇಕು.

ಇಲ್ಲಿ ಆಗುವ ತಪ್ಪು: ಹದಿನೈದು ನಿಮಿಷ ಸಾಲದು ಅಂತ ಮೊದಲ ದಿನವೇ ಒಂದು ಗಂಟೆ ಕೂರುವುದು. ಅಂಥವರು ಬುಧವಾರಕ್ಕೆ ಬಿಟ್ಟಿರುತ್ತಾರೆ. ಮನೆಯಲ್ಲಿ ಗಲಾಟೆ ಜಾಸ್ತಿ ಇದ್ದರೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಇಗರ್ಜಿ ನೋಡಿಕೊಳ್ಳಿ. ಹಂಪನಕಟ್ಟೆಯ ಮಿಲಾಗ್ರಿಸ್, ಬಿಕರ್ನಕಟ್ಟೆಯ ಬಾಲಯೇಸು ಕ್ಷೇತ್ರ, ಬಲ್ಮಠದ ಶಾಂತಿ ಕೆಥೆಡ್ರಲ್, ಉಡುಪಿ ಕಡೆಯವರಿಗೆ ಕಲ್ಯಾಣಪುರದ ಮಿಲಾಗ್ರಿಸ್. ಹತ್ತಿರದ್ದು ಯಾವುದಾದರೂ ಆಗುತ್ತದೆ.

ಹಂತ 2: ಉಳಿದ ವಾರಗಳು, ಒಂದೇ ಕಥೆ

ಎರಡನೇ ವಾರದಿಂದ ಬೆಳಗಿನ ಹದಿನೈದು ನಿಮಿಷಕ್ಕೆ ಓದು ಸೇರಿಸಿ. ಲೂಕ 1ನೇ ಅಧ್ಯಾಯದ 5ರಿಂದ 25ನೇ ವಚನ, ಜಕರೀಯನ ಕಥೆ, ನಾಲ್ಕು ದಿನ. 26ರಿಂದ 56, ಮರಿಯಳ ಕಥೆ, ಒಂದು ವಾರ. 57ರಿಂದ 80, ಯೋವಾನನ ಜನನ, ನಾಲ್ಕು ದಿನ. ಉಳಿದ ದಿನಗಳಲ್ಲಿ 2ನೇ ಅಧ್ಯಾಯದ 1ರಿಂದ 20. ದಿನಾ ಅದೇ ಭಾಗವನ್ನು ಮತ್ತೆ ಓದಬೇಕು. ಹೊಸದು ಬೇಕು ಅಂತ ಮುಂದಕ್ಕೆ ಓಡಬಾರದು.

ಬಾಯಿಬಿಟ್ಟು ಓದಿ. ಮನೆಮಾತು ಕೊಂಕಣಿಯಾದರೆ ಕೊಂಕಣಿಯಲ್ಲಿ, ತುಳುವಾದರೆ ತುಳುವಿನಲ್ಲಿ ಒಮ್ಮೆ ಹೇಳಿಕೊಳ್ಳಿ. ಮೂರನೇ ದಿನಕ್ಕೆ ಒಂದು ಪದ ಕಾಲಿಗೆ ತೊಡರುತ್ತದೆ. ನನಗೆ ಒಂದು ವರ್ಷ ಜಕರೀಯನ ಮೌನ ತೊಡರಿತು. ದೇವದೂತನನ್ನು ಕಣ್ಣಾರೆ ಕಂಡವನಿಗೂ ನಂಬಿಕೆ ಬರಲಿಲ್ಲ. ಮಗ ಹುಟ್ಟಿ ಹೆಸರಿಡುವವರೆಗೂ ಅವನಿಗೆ ಮಾತು ಬರಲಿಲ್ಲ. ಅದನ್ನು ನಾನು ಶಿಕ್ಷೆ ಅಂತಲೇ ತಿಳಿದಿದ್ದೆ. ನಾಲ್ಕನೇ ದಿನ ಓದುವಾಗ, ಪಾಪ, ಅವನಿಗೆ ಕೇಳಿಸಿಕೊಳ್ಳಲು ಅಷ್ಟು ತಿಂಗಳು ಸಿಕ್ಕಿತಲ್ಲ ಅನ್ನಿಸಿತು.

ಹಂತ 3: ಬಾಕಿ ಉಳಿದ ಮನುಷ್ಯ (ಡಿಸೆಂಬರ್ 15ರ ಒಳಗೆ)

ಈ ಹಂತ ಬಿಟ್ಟು ಉಳಿದದ್ದೆಲ್ಲ ಮಾಡಿದವರನ್ನು ನಾನು ತುಂಬ ನೋಡಿದ್ದೇನೆ. ನಾನೂ ಹಾಗೇ ಇದ್ದೆ. ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಆಗು ಅಂತ ಯೇಸು ಹೇಳಿದ್ದು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಅಲ್ಲಿ 'ಮೊದಲು' ಅನ್ನುವ ಪದ ನೋಡಿ. ಕ್ರಮ ಅಲ್ಲೇ ಇದೆ.

ಮೊದಲ ವಾರದ ಪಟ್ಟಿ ತೆಗೆಯಿರಿ. ಅದರಲ್ಲಿ ಪದೇ ಪದೇ ಬಂದ ಹೆಸರು ಯಾವುದು? ನಮ್ಮ ಕಡೆ ಹೆಚ್ಚಾಗಿ ಅದು ಜಾಗದ ಪಾಲು, ಗಡಿಯ ಕಲ್ಲು, ಬಾವಿಯ ನೀರು, ಮದುವೆಗೆ ಕರೆಯದ್ದು, ಸಾವಿಗೆ ಬಾರದ್ದು. ಒಂದೇ ಹೆಸರು ಆರಿಸಿಕೊಳ್ಳಿ. ಎಲ್ಲರೊಡನೆ ಒಂದೇ ತಿಂಗಳಲ್ಲಿ ರಾಜಿಯಾಗಲು ಹೊರಟರೆ ಒಂದೂ ಆಗುವುದಿಲ್ಲ.

ಮಾಡುವ ಬಗೆ ಹೀಗೆ. ವಾಟ್ಸಾಪಿನಲ್ಲಿ ಬರೆಯಬೇಡಿ. ದೂರದಲ್ಲಿದ್ದರೆ ಫೋನ್ ಮಾಡಿ, ಹತ್ತಿರದಲ್ಲಿದ್ದರೆ ಮನೆಗೆ ಹೋಗಿ. ಊಟದ ಹೊತ್ತಿಗೆ ಹೋಗಬೇಡಿ, ಸಂಜೆ ಚಹಾದ ಹೊತ್ತು ಒಳ್ಳೆಯದು. ಹೇಳಬೇಕಾದ ಮಾತನ್ನು ಮೊದಲೇ ಎರಡು ಸಾಲಿಗೆ ಇಳಿಸಿಕೊಳ್ಳಿ: ನಾನು ಏನು ತಪ್ಪು ಮಾಡಿದೆ, ಅದಕ್ಕೆ ಕ್ಷಮೆ. ಅಷ್ಟೇ. "ಆದರೆ ನೀನೂ..." ಅನ್ನುವ ಮಾತು ಬಂದರೆ ಹೋದದ್ದು ದಂಡ. ಯಾರು ಸರಿ ಅಂತ ತೀರ್ಮಾನ ಮಾಡುವ ಕೆಲಸ ಆ ದಿನದ್ದಲ್ಲ.

ನನ್ನ ಅಣ್ಣನ ಮನೆ ನಮ್ಮ ಮನೆಯಿಂದ ಮೂರು ಗದ್ದೆ ಆಚೆ. ಬಾವಿಯ ಪಂಪಿನ ವಿಷಯದಲ್ಲಿ ನಾನು ಅತ್ತಿಗೆಯ ಎದುರು ಅವನಿಗೆ ಆಡಬಾರದ ಮಾತು ಆಡಿದ್ದೆ. ನಾಲ್ಕು ವರ್ಷ ಒಂದೇ ಇಗರ್ಜಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತೆವು. ಒಂದು ಡಿಸೆಂಬರ್ 11ರ ಸಂಜೆ ನಾನು ಹೋದೆ. ಗೇಟಿನ ಚಿಲಕ ತೆಗೆಯಲು ಕೈ ಏಳಲಿಲ್ಲ. ನಾಯಿ ಬೊಗಳಿತು, ಅವನೇ ಹೊರಗೆ ಬಂದ. ಕೈಯಲ್ಲಿ ಅಡಿಕೆ ಸುಲಿಯುವ ಕತ್ತಿ, ಬೆರಳಿಗೆಲ್ಲ ಕಲೆ. "ಅಣ್ಣಾ, ಆವತ್ತು ನಾನು ಮಾತಾಡಿದ್ದು ತಪ್ಪು" ಅಂದೆ. ಮುಂದಿನ ಸಾಲು ಮರೆತೇ ಹೋಯಿತು. ಅವನು ಸ್ವಲ್ಪ ಹೊತ್ತು ನಾಯಿಯ ಕಡೆಯೇ ನೋಡಿದ. "ಬಾ, ಕೂತ್ಕೋ" ಅಂತ ಮಣೆ ನನ್ನ ಕಡೆ ದೂಡಿದ. ಪಂಪಿನ ಮಾತು ಆ ದಿನ ಬರಲಿಲ್ಲ. ಅತ್ತಿಗೆ ಚಹಾ ತಂದರು. ಸಕ್ಕರೆ ಕಡಿಮೆ ಹಾಕಿದ್ದರು. ನನಗೆ ಹೇಗೆ ಬೇಕು ಅಂತ ಅವರಿಗೆ ಇನ್ನೂ ನೆನಪಿತ್ತು.

ಎರಡು ಎಚ್ಚರಿಕೆ. ಹೋದ ಕಡೆ ಬಾಗಿಲು ತೆರೆಯದೆ ಇರಬಹುದು. ಆಗ ಜಗಳ ಮಾಡದೆ ವಾಪಸ್ ಬನ್ನಿ, ನಿಮ್ಮ ಪಾಲಿನದ್ದು ಮುಗಿಯಿತು. ಇನ್ನೊಂದು, ನಿಮಗೆ ಹೊಡೆದವರು, ಹಿಂಸೆ ಕೊಟ್ಟವರು ಇದ್ದರೆ ಒಬ್ಬರೇ ಅವರ ಮನೆಗೆ ಹೋಗಲೇಬೇಡಿ. ಕ್ಷಮೆ ಅಂದರೆ ಮತ್ತೆ ಅದೇ ಅಪಾಯಕ್ಕೆ ಕುತ್ತಿಗೆ ಕೊಡುವುದಲ್ಲ. ನಂಬಿಕಸ್ಥರೊಬ್ಬರ ಹತ್ತಿರ, ಧರ್ಮಗುರುಗಳ ಹತ್ತಿರ ಮಾತಾಡಿ.

ಹಂತ 4: ಪಾಪನಿವೇದನೆ

3ನೇ ಹಂತ ಆದ ಮೇಲೆ ಇದು ಸುಲಭ. ಕಥೋಲಿಕರು 16, 17ರ ಹೊತ್ತಿಗೆ ಮುಗಿಸಿ. 23ರ ಉದ್ದನೆಯ ಸಾಲಿನಲ್ಲಿ ನಿಂತರೆ ಗುರುಗಳಿಗೂ ಪುರುಸೊತ್ತಿಲ್ಲ, ನಿಮಗೂ ಇಲ್ಲ. ಸಣ್ಣವರಿದ್ದಾಗಿನಿಂದ ಹೇಳುತ್ತ ಬಂದ ಪಟ್ಟಿಯನ್ನೇ ಒಪ್ಪಿಸಬೇಡಿ, ಈ ವರ್ಷದ್ದು ಹೇಳಿ. ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್) ಸಭೆಯವರು, ಬೇರೆ ಸಭೆಯವರು 51ನೇ ಕೀರ್ತನೆ ಓದಿ ದೇವರ ಮುಂದೆ ಕೂರಬಹುದು. ಭಾರ ಜಾಸ್ತಿ ಅನ್ನಿಸಿದರೆ ಸಭಾಪಾಲಕರ ಹತ್ತಿರ ಹೇಳಿಕೊಳ್ಳಬಹುದು.

ಹಂತ 5: ಗೆರಟೆಯಲ್ಲಿ ಭತ್ತ, ಖಾಲಿ ಗೋದಲಿ

ಗೋದಲಿಯಲ್ಲಿ ಗದ್ದೆ ಮಾಡಲು ಭತ್ತವೋ ರಾಗಿಯೋ ಮೊಳಕೆ ಬರಿಸುವುದು ನಮ್ಮ ಮನೆಗಳಲ್ಲಿ ಇರುವ ರೂಢಿ. ಇದನ್ನು ದೊಡ್ಡವರೂ ಮಾಡಿ ಅಂತ ನಾನು ಹೇಳುತ್ತೇನೆ. ಡಿಸೆಂಬರ್ 10ರ ರಾತ್ರಿ ಒಂದು ಹಿಡಿ ಭತ್ತ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಿಳಿ ಮೊಳಕೆ ಕಂಡ ಮೇಲೆ ಗೆರಟೆಗೆ ಎರಡು ಬೆರಳು ಮಣ್ಣು ತುಂಬಿ ಮೇಲೆ ಹರಡಿ. ಕಣ್ಣಿರುವ ಗೆರಟೆ ಆರಿಸಿಕೊಳ್ಳಿ, ಮೆತ್ತಗಿನ ಕಣ್ಣನ್ನು ಚುಚ್ಚಿದರೆ ನೀರು ಇಳಿಯುತ್ತದೆ. ದಿನಾ ಕೈಯಿಂದ ಚಿಮುಕಿಸಿದರೆ ಸಾಕು. ನೀರು ಹೊಯ್ದರೆ ಕೊಳೆತು ವಾಸನೆ ಬರುತ್ತದೆ.

ಬೆಳಗಿನ ಓದು ಮುಗಿಸಿ ನೀರು ಚಿಮುಕಿಸಿ. ಮೊದಲ ಮೂರು ದಿನ ಏನೂ ಆದ ಹಾಗೆ ಕಾಣುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಸೂಜಿಯ ಹಾಗೆ ಹಸಿರು ನಿಂತಿರುತ್ತದೆ, ತುದಿಯಲ್ಲಿ ಒಂದೊಂದು ಹನಿ. ನನ್ನ ತರಗತಿಯ ಒಬ್ಬ ಹುಡುಗ ಆ ಹನಿ ನೋಡಿ, "ಟೀಚರ್, ನಾನು ನೀರು ಹಾಕುವ ಮೊದಲೇ ಇತ್ತು" ಅಂತ ಹೇಳಿದ. ಅದಕ್ಕಿಂತ ಚೆನ್ನಾಗಿ ನನಗೆ ಕೃಪೆ ಅಂದರೇನು ಅಂತ ಪಾಠ ಮಾಡಲು ಬಂದಿಲ್ಲ.

ಗೋದಲಿ ಕಟ್ಟಿ, ಬೈಹುಲ್ಲು ಹಾಸಿ, ಮರಿಯ ಜೋಸೆಫರನ್ನು ಇಡಿ. ಬಾಲಯೇಸುವನ್ನು ಮಾತ್ರ 24ರ ರಾತ್ರಿಯವರೆಗೆ ಇಡಬೇಡಿ. ಸ್ಪರ್ಧೆಗೆ ಅಂತ ಕಾರಂಜಿ, ರೈಲು, ತಿರುಗುವ ಲೈಟು ಸೇರಿಸುತ್ತ ಹೋದರೆ ನೋಡುವವರ ಕಣ್ಣು ಆ ಖಾಲಿ ಜಾಗದ ಮೇಲೆ ನಿಲ್ಲುವುದೇ ಇಲ್ಲ.

ಹಂತ 6: ಕುಸ್ವಾರ್, ಆದರೆ ಮೂರೇ ಬಗೆ

ಕುಸ್ವಾರ್ ಬಿಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ನೆವ್ರಿ, ಕಿಡಿಯೊ, ಚಕ್ಲಿ, ತುಕ್ಡಿ, ಗುಳಿಯೊ ಎಲ್ಲವನ್ನೂ ಒಬ್ಬಳೇ ಮಾಡುತ್ತೇನೆ ಅಂತ ಹೊರಟರೆ 24ಕ್ಕೆ ಸೊಂಟ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ. ಮನೆಯಲ್ಲಿ ಮೂರು ಬಗೆ ಮಾಡಿ, ಉಳಿದದ್ದು ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಿ. 20ರ ಒಳಗೆ ಎಣ್ಣೆ ಬಾಣಲೆ ತೊಳೆದಿಡಬೇಕು.

ಕಿಡಿಯೊ ಮಾಡುವುದು ಪ್ರಾರ್ಥನೆಗೆ ಹೇಳಿ ಮಾಡಿಸಿದ ಕೆಲಸ. ಚಿಕ್ಕ ಉಂಡೆಯನ್ನು ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ ಸುರುಳಿ ಮಾಡಬೇಕು, ನೂರಾರು. ಟಿವಿ ಆಫ್ ಮಾಡಿ. ತಟ್ಟೆ ಯಾವ ಯಾವ ಮನೆಗೆ ಹೋಗುತ್ತದೋ ಆ ಮನೆಯವರ ಹೆಸರು ಹೇಳಿಕೊಳ್ಳುತ್ತ ಒತ್ತಿ. ಭಟ್ರ ಮನೆ, ಬ್ಯಾರಿಗಳ ಮನೆ, ಎದುರಿನ ಬಾಡಿಗೆ ಮನೆಯ ಹುಡುಗರು. ಆ ವರ್ಷ ಸಾವಾದ ಎಷ್ಟೋ ಮನೆಗಳಲ್ಲಿ ಕುಸ್ವಾರ್ ಮಾಡುವುದಿಲ್ಲ. ಆ ಮನೆಯ ತಟ್ಟೆ ಮೊದಲು ತುಂಬಿಸಿ, ಕೊಟ್ಟು ಓಡಿ ಬರಬೇಡಿ, ಕೂತು ಬನ್ನಿ.

ಹಂತ 7: ಹೊಳಪಿಲ್ಲದ ಒಂದು ಜಾಗಕ್ಕೆ ಹೋಗಿ

ಕುರುಬರು ಹೊಲ ಬಿಟ್ಟು ಎದ್ದು ಹೋದರು. ನಾವೂ ಎದ್ದು ಹೋಗಬೇಕು. 18ರಿಂದ 23ರ ನಡುವೆ ಒಂದು ಮಧ್ಯಾಹ್ನ ತೆಗೆದಿಡಿ. ವೆನ್ಲಾಕ್ ಆಸ್ಪತ್ರೆಯ ವಾರ್ಡಿನಲ್ಲಿ ನಿಮ್ಮ ಊರಿನವರು ಯಾರಾದರೂ ಇರಬಹುದು. ಹತ್ತಿರದ ವೃದ್ಧಾಶ್ರಮ ಇರಬಹುದು. ಮಕ್ಕಳು ದುಬೈಯಲ್ಲೋ ಕೆನಡಾದಲ್ಲೋ ಇದ್ದು, ಇಲ್ಲಿ ದೊಡ್ಡ ಮನೆಯಲ್ಲಿ ಒಬ್ಬರೇ ಇರುವ ಹಿರಿಯ ಹೆಂಗಸು ನಿಮ್ಮ ವಾಳೆಯಲ್ಲೇ, ಅಂದರೆ ನಿಮ್ಮ ಇಗರ್ಜಿಯ ವಾರ್ಡಿನಲ್ಲೇ ಇರಬಹುದು.

ಹೋಗುವ ರೀತಿ ಮುಖ್ಯ. ಗುಂಪು ಬೇಡ, ಇಬ್ಬರು ಸಾಕು. ಫೋಟೋ ಬೇಡ. ಉಪದೇಶ ಬೇಡ. ಒಂದು ಗಂಟೆ ಕೂತು ಅವರು ಹೇಳುವುದನ್ನು ಕೇಳಿ. ಅದೇ ಕಥೆ ಎರಡನೇ ಸಲ ಹೇಳಿದರೆ ಎರಡನೇ ಸಲವೂ ಕೇಳಿ. ಹೊರಡುವಾಗ ನಿಮಗಾಗಿ ಪ್ರಾರ್ಥನೆ ಮಾಡಿ ಅಂತ ಅವರನ್ನು ಕೇಳಿಕೊಳ್ಳಿ. ಕೊಡಲು ಹೋದವರು ಪಡೆದು ಬರುವುದು ಆ ಒಂದು ಮಾತಿನಿಂದ.

ಹಂತ 8: 24ರ ಸಂಜೆ

ನಾಲ್ಕು ಗಂಟೆಗೆ ಅಡುಗೆಮನೆ ಮುಚ್ಚಿ. ಮಾಂಸದ ಬಾಫಾತ್ ಆಗಿರಲಿ, ಸಾನ್ನದ ಹಿಟ್ಟು ಹುದುಗಲು ಇಟ್ಟಿರಲಿ, ಬಟ್ಟೆ ಇಸ್ತ್ರಿ ಆಗಿರಲಿ. ಬಾಕಿ ಉಳಿದದ್ದು ಬಾಕಿ ಇರಲಿ. ಲಘುವಾಗಿ ಗಂಜಿ ಊಟ ಮಾಡಿ. ಪೂಜೆ ಈಗ ಹೆಚ್ಚಿನ ಕಡೆ ಸಂಜೆಯೇ ಶುರುವಾಗುತ್ತದೆ, ಸಮಯ ಮೊದಲೇ ನೋಡಿಕೊಳ್ಳಿ. ಅರ್ಧ ಗಂಟೆ ಮೊದಲೇ ಹೋಗಿ ಕೂರಿ. ಮೊಬೈಲ್ ಮನೆಯಲ್ಲೇ ಇರಲಿ.

ಆಗಮನ ಕಾಲದ ಭಾನುವಾರಗಳಲ್ಲಿ ಕಥೋಲಿಕ ಪೂಜೆಯಲ್ಲಿ ಗ್ಲೋರಿಯಾ, ಅಂದರೆ ದೇವರಿಗೆ ಮಹಿಮೆ ಹೇಳುವ ಹಾಡು, ಹಾಡುವುದಿಲ್ಲ. ನಾಲ್ಕು ಭಾನುವಾರವೂ ಆ ಜಾಗ ಖಾಲಿ. ಕ್ರಿಸ್ಮಸ್ ರಾತ್ರಿ ಗಂಟೆಗಳ ಜೊತೆ ಅದು ವಾಪಸ್ ಬರುತ್ತದೆ. ನಾಲ್ಕು ಭಾನುವಾರ ಅದು ಇಲ್ಲ ಅಂತ ಗಮನಿಸಿದ ಕಿವಿಗೆ ಮಾತ್ರ ಅದು ಬಂದದ್ದು ಕೇಳಿಸುತ್ತದೆ. ಕುರುಬರು ಕೇಳಿದ ಹಾಡಿನ ಮಾತು ಅದೇ ಅಲ್ವಾ. ವಿಶ್ವಾಸ ಪ್ರಕಟಣೆಯಲ್ಲಿ ದೇವರು ಮನುಷ್ಯನಾದ ಅಂತ ಹೇಳುವ ಸಾಲಿಗೆ ಆ ರಾತ್ರಿ ಎಲ್ಲರೂ ಮೊಣಕಾಲೂರುತ್ತಾರೆ. ಅಲ್ಲಿ ಅವಸರ ಮಾಡಬೇಡಿ.

ಕಣ್ಣೀರು ಬರಲಿ, ಮೈ ಜುಮ್ಮೆನ್ನಲಿ ಅಂತ ನಿಮ್ಮನ್ನೇ ನೀವು ನೋಡಿಕೊಳ್ಳುತ್ತ ಕೂರಬೇಡಿ. ನೋಡಬೇಕಾದದ್ದು ಗೋದಲಿಯ ಕಡೆ. ಮನೆಗೆ ಬಂದು, ಲೈಟು ಆರಿಸಿ, ನಾಲ್ಕು ಬತ್ತಿ ಹಚ್ಚಿ, ಮನೆಯ ಅತಿ ಚಿಕ್ಕವರ ಕೈಯಿಂದ ಬಾಲಯೇಸುವನ್ನು ಹುಲ್ಲಿನ ಮೇಲೆ ಇಡಿಸಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ.

ಎಚ್ಚರಿಕೆಯ ಗುರುತುಗಳು

ಡಿಸೆಂಬರ್ ಮೂರನೇ ವಾರ ಮನೆಯವರ ಮೇಲೆ ಸಿಡುಕು ಜಾಸ್ತಿಯಾಗಿದ್ದರೆ ಕೆಲಸ ಮಿತಿ ಮೀರಿದೆ ಅಂತ ಅರ್ಥ. ಒಂದು ಕೆಲಸ ಪಟ್ಟಿಯಿಂದ ಹೊಡೆದು ಹಾಕಿ. ಬೆಳಗಿನ ಹದಿನೈದು ನಿಮಿಷ ಎರಡು ದಿನ ತಪ್ಪಿದರೆ ಬೈದುಕೊಳ್ಳದೆ ಮೂರನೇ ದಿನ ಕೂರಿ. ಬೇರೆಯವರ ನಕ್ಷತ್ರ, ಬೇರೆಯವರ ಕೇಕು ನೋಡಿ ಹೊಟ್ಟೆಯೊಳಗೆ ಏನೋ ಚುಚ್ಚಿದರೆ ಅದನ್ನು ಪಾಪನಿವೇದನೆಗೆ ಒಯ್ಯಿರಿ.

ಈ ವರ್ಷ ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡವರಿಗೆ ಒಂದು ಮಾತು. ನಿಮಗೆ ಹಾಡು ಬಾರದಿದ್ದರೆ ಹಾಡಬೇಡಿ. ಮರಿಯಳು ಆ ರಾತ್ರಿ ಹಾಡಿದಳು ಅಂತ ಲೂಕ ಹೇಳುವುದಿಲ್ಲ, ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು ಅಂತ ಹೇಳುತ್ತಾನೆ. ಇನ್ನು ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸೆ ಇಲ್ಲ ಅಂತಾದರೆ ಅದು ಭಕ್ತಿಯ ಕೊರತೆ ಅಂತ ತಿಳಿಯಬೇಡಿ. ಡಾಕ್ಟರನ್ನು ನೋಡಿ. ಅದೂ ದೇವರು ಕೊಟ್ಟ ದಾರಿಯೇ.

ಹಂತ 9: 26ರಿಂದ ಮೂರು ರಾಯರ ಹಬ್ಬದವರೆಗೆ

ಕುರುಬರು ದೇವರನ್ನು ಕೊಂಡಾಡುತ್ತ ವಾಪಸ್ ಹೋದದ್ದು ಅದೇ ಹೊಲಕ್ಕೆ, ಅದೇ ಕುರಿಗಳ ಹತ್ತಿರ. 26ರ ಬೆಳಿಗ್ಗೆ ಅಲಾರಾಂ ಅದೇ ಹೊತ್ತಿಗೆ ಇಡಿ. ಲೂಕ 2ರ 21ರಿಂದ 40 ಓದಿ, ಸಿಮೆಯೋನ ಮತ್ತು ಅನ್ನ ಅನ್ನುವ ಇಬ್ಬರ ಕಥೆ. ಜನವರಿ 6ಕ್ಕೆ ಮತ್ತಾಯನ 2ನೇ ಅಧ್ಯಾಯ, ಮೂಡಣದಿಂದ ಬಂದ ಜ್ಞಾನಿಗಳ, ಅಂದರೆ ನಾವು ಮೂರು ರಾಯರು ಅನ್ನುವವರ ಕಥೆ. ನೋಟ್ ಪುಸ್ತಕದಲ್ಲಿ ದಿನಕ್ಕೆ ಒಂದು ಸಾಲು ಸಾಕು: ಇವತ್ತು ಎಲ್ಲಿ ಕಂಡೆ. ಮಹಿಮೆ ಕಾಣಲಿಲ್ಲ ಅಂತ 24ರ ರಾತ್ರಿ ಅಂದುಕೊಂಡ ಎಷ್ಟೋ ಜನ 29ಕ್ಕೋ 30ಕ್ಕೋ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಿರುವಾಗ ಕಂಡದ್ದನ್ನು ನನಗೆ ಹೇಳಿದ್ದಾರೆ.

ಹಬ್ಬ ಮುಗಿದು ಗೋದಲಿ ಬಿಚ್ಚುವಾಗ ಬೈಹುಲ್ಲು, ಗೆರಟೆಯ ಭತ್ತದ ಪೈರು ಕಸಕ್ಕೆ ಹಾಕಬೇಡಿ. ನಾನು ಅಣ್ಣನ ಮನೆಯ ಹಟ್ಟಿಗೆ ಕೊಂಡುಹೋಗುತ್ತೇನೆ. ಅವನ ಕರು ಪೈರನ್ನು ಬೇರು ಸಮೇತ ಎಳೆದು ತಿನ್ನುತ್ತದೆ. ಗೆರಟೆ ತೊಳೆದು ಅತ್ತಿಗೆ ಮುಂದಿನ ವರ್ಷಕ್ಕೆ ಅಂತ ಮಾಡಿನ ಕೆಳಗೆ ಕವುಚಿ ಇಡುತ್ತಾರೆ.